ದೊಡ್ಡೋನು ಹೋಗ್ತಾನಂತೆ

ಬಟ್ಟೆ ಒಗೆಯುವ ಮಷೀನು ಕೈಕೊಟ್ಟಿತು ಎಂದು ಸರ್ವಿಸ್ ಸೆಂಟರಿನ ಮೆಟ್ಟಿಲು ಹತ್ತಿದವರಿಗೆ ಬೇಕಾಗಿರುವುದು ಒಂದೇ ಮಾಹಿತಿ, ಅದು ಯಾವಾಗ ಸರಿಹೋಗುತ್ತದೆ ಎಂಬುದು. ಆದರೆ ಕೌಂಟರಿನ ಹಿಂದೆ ರಿವ್ಯೂ ಕುಳಿತಿದ್ದ ದಿನ ಅವರಿಗೆ ಇನ್ನೊಂದು ಮಾಹಿತಿಯೂ ಪುಕ್ಕಟೆಯಾಗಿ, ಬೇಡವೆಂದರೂ ಬಿಡದೆ ಸಿಗುತ್ತಿತ್ತು. ವಿಡಿಯೋ ಗೇಮ್ ಆಡುವ ಕನ್ಸೋಲುಗಳ ಬಗ್ಗೆ ಅವನ ಅಭಿಪ್ರಾಯ.

"ನಿಮ್ಮ ಮಷೀನಿನ ಬೇರಿಂಗ್ ಹೋಗಿದೆ ಮೇಡಂ, ಬುಧವಾರ ಬನ್ನಿ. ಬೇರಿಂಗ್ ಅಂದ್ಮೇಲೆ ನೆನಪಾಯ್ತು, ಈ ಹೊಸ ಕನ್ಸೋಲಿನವರು ಫ್ಯಾನಿಗೆ ಹಾಕ್ತಾರಲ್ಲ, ಅದೂ ಒಂದು ಬೇರಿಂಗಾ? ವರ್ಷ ತುಂಬೋದ್ರೊಳಗೆ ಹಿಟ್ಟಿನ ಗಿರಣಿ ಸದ್ದು."

"ನಮ್ಮನೇಲಿ ಅದೆಲ್ಲ ಇಲ್ಲಪ್ಪ."

"ಬಚಾವಾದ್ರಿ. ತಗೊಳ್ಳೋ ಹಾಗಿದ್ರೆ ನನ್ನ ಕೇಳಿ ತಗೊಳ್ಳಿ."

ರಿವ್ಯೂ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆಫೀಸಿನವರು ಯಾವ ಮುಹೂರ್ತವನ್ನೂ ನೋಡದೆ ಇಟ್ಟದ್ದು, ಆದರೂ ಗಟ್ಟಿಯಾಗಿ ಅಂಟಿಕೊಂಡುಬಿಟ್ಟಿತ್ತು. ನಲವತ್ತು ದಾಟಿದ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಅದನ್ನೇ ಹುಡುಕುವ ಈ ಮನುಷ್ಯನಿಗೆ ಅಭಿಪ್ರಾಯವಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ಕನ್ಸೋಲುಗಳ ವಿಷಯದಲ್ಲಂತೂ ಅದು ಅಭಿಪ್ರಾಯದ ಹಂತ ದಾಟಿ ಕೊರಗಾಗಿತ್ತು. ಯಾವ ಕಂಪನಿ ಎಲ್ಲಿ ಎಡವಿತು, ಯಾರು ಒಳ್ಳೆಯ ಯಂತ್ರ ಮಾಡಿ ಅದಕ್ಕೆ ಆಟಗಳನ್ನೇ ಕೊಡಲಿಲ್ಲ, ಯಾರು ತಿಂಗಳ ಚಂದಾ ಕಟ್ಟಿಸಿಕೊಂಡು ಸೇವೆ ಕೊಡದೆ ಕೈಯೆತ್ತಿದರು, ಎಲ್ಲವೂ ಅವನಿಗೆ ಕರತಲಾಮಲಕ. "ಒಳಗೆ ಅಷ್ಟು ಶಕ್ತಿ ಇಟ್ಕೊಂಡು ಏನೂ ಮಾಡ್ದೇ ಹೋಯ್ತಲ್ರೀ" ಎಂದು ಅವನು ನಿಟ್ಟುಸಿರು ಬಿಟ್ಟರೆ, ಗೊತ್ತಿಲ್ಲದವರು ಓದು ಬಿಟ್ಟ ಮಗನ ವಿಷಯ ಹೇಳುತ್ತಿದ್ದಾನೆ ಎಂದುಕೊಂಡು ಸುಮ್ಮನಾಗುತ್ತಿದ್ದರು.

ಅವನ ಮನೆಯ ಟಿವಿ ಕೆಳಗೆ ಎರಡು ಕನ್ಸೋಲುಗಳಿದ್ದವು. ಹಳೆಯದು ಕಪ್ಪಗೆ, ದಪ್ಪಗೆ, ತೂಕವಾಗಿತ್ತು. ಅದಕ್ಕೆ ದೊಡ್ಡೋನು ಎಂದು ಹೆಸರು. ಹೊಸದು ತೆಳ್ಳಗೆ, ಬೆಳ್ಳಗೆ, ಸದ್ದಿಲ್ಲದ್ದು. ಅದು ಚಿಕ್ಕೋನು. ಅವನ ಹೆಂಡತಿ ಮದುವೆಯಾಗಿ ಬಂದ ಮೇಲೆ ಮನೆಯ ಬಹಳ ಸಂಗತಿಗಳನ್ನು ಪ್ರಶ್ನಿಸಿದ್ದಳು, ಈ ಹೆಸರುಗಳನ್ನು ಪ್ರಶ್ನಿಸಲಿಲ್ಲ. ಯಂತ್ರಗಳ ಮೈಕಟ್ಟು ನೋಡಿ ಇಟ್ಟ ಹೆಸರೆಂದುಕೊಂಡಿದ್ದಳು.

ಅಸಲಿಗೆ ಅವು ಅವನ ಅಮ್ಮ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆಯುತ್ತಿದ್ದ ಹೆಸರುಗಳು. ದೊಡ್ಡೋನು ಎಂದರೆ ಅಣ್ಣ, ಚಿಕ್ಕೋನು ಎಂದರೆ ಇವನು. ಅಮ್ಮ ಹೋದ ಮೇಲೆ ಹಾಗೆ ಕರೆಯುವವರು ಯಾರೂ ಉಳಿಯಲಿಲ್ಲ. ಅಣ್ಣ ತಮ್ಮ ಒಬ್ಬರನ್ನೊಬ್ಬರು ಕರೆಯುವುದೇ ನಿಂತುಹೋಗಿತ್ತು.

ನಿಂತದ್ದು ಒಂದು ರಿವ್ಯೂವಿನಿಂದ. ಸೋದರತ್ತೆಯ ಮನೆಯಲ್ಲಿ ನೆಂಟರೆಲ್ಲ ಸೇರಿದ್ದ ಒಂದು ಮಧ್ಯಾಹ್ನ ಯಾರೋ ಇವನನ್ನು, "ನಿಮ್ಮಣ್ಣ ಈಗ ಏನ್ ಮಾಡ್ಕೊಂಡಿದ್ದಾನಪ್ಪ?" ಎಂದು ಕೇಳಿದರು. ಅಣ್ಣ ಆಗಷ್ಟೇ ತನ್ನ ಮೂರನೆಯ ಅಂಗಡಿಗೆ ಬೀಗ ಹಾಕಿದ್ದ. ಇವನಿಗೆ ಬಾಯಿ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. "ಅಣ್ಣಂದು ಹಾರ್ಡ್‌ವೇರ್ ಫಸ್ಟ್ ಕ್ಲಾಸು, ಸರ್ವಿಸ್ ಮಾತ್ರ ಕೇಳ್ಬೇಡಿ" ಎಂದುಬಿಟ್ಟ. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣ ನೀರಿನ ಲೋಟ ಹಿಡಿದುಕೊಂಡು ಇವನ ಬೆನ್ನ ಹಿಂದೆಯೇ ನಿಂತಿದ್ದ. ಲೋಟವನ್ನು ಮೇಜಿನ ಮೇಲಿಟ್ಟ, ಚಪ್ಪಲಿ ಮೆಟ್ಟಿಕೊಂಡ, ಹೊರಟುಹೋದ. ಅಲ್ಲಿಗೆ ಮಾತು ನಿಂತು ವರ್ಷಗಳೇ ಆದವು.

ಹಾಗೆಂದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿಲ್ಲದ್ದು ಏನೆಂದರೆ, ಅಣ್ಣ ತಮ್ಮ ದಿನಾ ಸಂಜೆ ಭೇಟಿಯಾಗುತ್ತಿದ್ದರು.

ದೊಡ್ಡೋನಲ್ಲಿ ಒಂದು ಹಳೆಯ ದೋಣಿಯ ಆಟವಿತ್ತು. ಇಬ್ಬರು ಆಡುವುದು. ಎಡಗಡೆಯ ಹುಟ್ಟು ಒಬ್ಬನ ಕೈಗೆ, ಬಲಗಡೆಯದು ಇನ್ನೊಬ್ಬನ ಕೈಗೆ. ಇಬ್ಬರೂ ಸಮನಾಗಿ ಹಾಕಿದರೆ ದೋಣಿ ನೆಟ್ಟಗೆ ಹೋಗುತ್ತದೆ, ಇಲ್ಲದಿದ್ದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಕಂಪನಿಯ ಆನ್‌ಲೈನ್ ಸೇವೆಯ ಮೂಲಕ ಯಾರು ಯಾರ ಜೊತೆಗೆ ಬೇಕಾದರೂ ಆಡಬಹುದು. ಮಾತಾಡುವ ಸೌಲಭ್ಯವಿಲ್ಲ, ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. ಜಗಳವಾದ ಮರುವರ್ಷ ಒಂದು ಸಂಜೆ ಯಾರೋ ಬಂದು ರಿವ್ಯೂನ ದೋಣಿಯಲ್ಲಿ ಎಡಗಡೆ ಕೂತರು. ಹುಟ್ಟು ಹಾಕತೊಡಗಿದಾಗ ದೋಣಿ ಪ್ರತಿ ಸಲವೂ ಎರಡೆರಡು ಬಾರಿ ಜಗ್ಗಿತು. ಪ್ರಪಂಚದಲ್ಲಿ ಒಂದೇ ಗುಂಡಿಯನ್ನು ಎರಡು ಸಲ ಒತ್ತುವ ಒಬ್ಬನೇ ಮನುಷ್ಯ ಅವನಿಗೆ ಗೊತ್ತಿದ್ದ. ಚಿಕ್ಕಂದಿನಿಂದಲೂ ಅಣ್ಣನಿಗೆ ಅದೇ ಚಟ. ಯಾಕೋ ಎಂದು ಕೇಳಿದರೆ, "ಮೊದಲ್ನೇ ಸಲ ಅದಕ್ಕೆ ಕೇಳಿಸ್ದೇ ಇದ್ರೆ?" ಎನ್ನುತ್ತಿದ್ದ.

ಮರುದಿನವೂ ಅದೇ ಹೊತ್ತಿಗೆ ಅದೇ ಅಂಕಿಗಳು ಬಂದವು. ಆಮೇಲೆ ಅದೇ ರೂಢಿಯಾಯಿತು. ಸಂಜೆ ಏಳಕ್ಕೆ ಇಬ್ಬರೂ ದೋಣಿಗೆ ಬರುವುದು, ನದಿಯ ಆಚೆ ದಡದವರೆಗೆ ಹೋಗುವುದು, ಎದ್ದು ಹೋಗುವುದು. ಅಣ್ಣನಿಗೆ ಇವನು ತಮ್ಮನೆಂದು ಗೊತ್ತಿತ್ತೋ ಇಲ್ಲವೋ ಇವನಿಗೆ ತಿಳಿಯದು. ಕೇಳುವ ಧೈರ್ಯವಿರಲಿಲ್ಲ, ಕೇಳಿದರೆ ಎದ್ದು ಹೋದಾನು ಎಂಬ ಭಯ. ಹೆಂಡತಿಗೆ ಹೇಳಿರಲಿಲ್ಲ. ಎಲ್ಲದರ ಬಗ್ಗೆ ಊರಿಗೆಲ್ಲ ಹೇಳುವ ಮನುಷ್ಯ ಇದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ.

ಒಂದು ಭಾನುವಾರ ಬೆಳಿಗ್ಗೆ ದೊಡ್ಡೋನನ್ನು ಹಚ್ಚಿದರೆ ಪರದೆಯ ಮೇಲೆ ನೀಲಿ ಪಟ್ಟಿಯೊಂದು ಬಂತು. ಪ್ರಿಯ ಬಳಕೆದಾರರೇ, ಈ ಹಳೆಯ ಕನ್ಸೋಲಿನ ಆನ್‌ಲೈನ್ ಸೇವೆಯನ್ನು ಬರುವ ಶುಕ್ರವಾರ ರಾತ್ರಿಗೆ ಮುಗಿಸುತ್ತಿದ್ದೇವೆ, ಇಷ್ಟು ವರ್ಷ ಜೊತೆಗಿದ್ದದ್ದಕ್ಕೆ ವಂದನೆಗಳು. ರಿವ್ಯೂ ಅದನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದ. ಆಮೇಲೆ ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿದ.

ಎದುರುಮನೆಯ ಬಾಲ್ಕನಿಯಲ್ಲಿ ನರ್ಸಮ್ಮ ಬಟ್ಟೆ ಒಣಹಾಕುತ್ತಿದ್ದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೂ ಅವರು ಡ್ಯೂಟಿ ಬಿಟ್ಟಿರಲಿಲ್ಲ. ಕಟ್ಟಡದಲ್ಲಿ ಯಾರಾದರೂ ಕೆಮ್ಮಿದರೆ ಯಾವ ಮನೆ, ಯಾವ ಶ್ವಾಸಕೋಶ ಎಂದು ಹೇಳಬಲ್ಲವರಾಗಿದ್ದರು. ಅವರ ಕಿವಿಗೆ ಬಿದ್ದದ್ದು ಇಷ್ಟು:

"ಏನಮ್ಮಾ ಹೀಗಂತೀರ! ಶುಕ್ರವಾರಕ್ಕೆ ದೊಡ್ಡೋನು ಹೋಗ್ತಾನೆ ಅಂತ ಇಷ್ಟು ಸಲೀಸಾಗಿ ಹೇಳ್ತೀರಲ್ಲ... ಕನೆಕ್ಷನ್ ತೆಗೆದೇ ತೆಗೀತೀರಾ? ಇನ್ನೊಂದು ತಿಂಗಳು ಇಟ್ರೆ ನಿಮ್ಮ ಗಂಟೇನು ಹೋಗುತ್ತೆ?... ಇಲ್ಲಮ್ಮ, ಒಳಗೆಲ್ಲ ಚೆನ್ನಾಗಿದ್ದಾನೆ. ನಾನೇ ತಿಂಗಳಿಗೊಂದ್ಸಲ ಬಿಚ್ಚಿ ಕ್ಲೀನ್ ಮಾಡ್ತೀನಿ... ಹೊಸದು ತಗೊಳ್ಳಬೇಕಾ? ಹೊಸದನ್ನ ತಂದು ಕೂರಿಸ್ಕೊಂಡ್ರೆ ದೊಡ್ಡೋನು ಬರ್ತಾನಾ? ಹೇಳಿ, ಬರ್ತಾನಾ?"

ಕೊನೆಯ ಮಾತಿಗೆ ಅವನು ತೋಳಿನಿಂದ ಕಣ್ಣೊರೆಸಿಕೊಂಡ. ನರ್ಸಮ್ಮನ ಕೈಯಿಂದ ಒದ್ದೆ ಟವೆಲು ಜಾರಿ ಕೆಳಗಿನ ಮನೆಯವರ ಸ್ಕೂಟರ್ ಮೇಲೆ ಬಿತ್ತು. ದೊಡ್ಡೋನು ಎಂದರೆ ಅವನ ಅಣ್ಣ ಎಂದು ಅವನ ಸೋದರತ್ತೆಯ ಬಾಯಲ್ಲಿ ಅವರು ಕೇಳಿದ್ದರು. ಕನೆಕ್ಷನ್ ತೆಗೆಯುವುದೆಂದರೆ ಏನೆಂದು ಅವರಿಗೆ ಗೊತ್ತಿಲ್ಲದೆ ಮತ್ತಾರಿಗೆ ಗೊತ್ತು? ವೆಂಟಿಲೇಟರ್. ಬಿಚ್ಚಿ ಕ್ಲೀನ್ ಮಾಡುವುದೆಂದರೆ ಗಾಯ, ಡ್ರೆಸ್ಸಿಂಗು. ತಿಂಗಳಿಗೊಂದೇ ಸಲ ಎನ್ನುವುದು ಅವರಿಗೆ ಅಷ್ಟು ಸಮಾಧಾನ ತರಲಿಲ್ಲ. ಆದರೂ ಜೀವ ಹೋಗುತ್ತಿರುವ ಹೊತ್ತಿನಲ್ಲಿ ಅದನ್ನು ಎತ್ತಿ ಆಡುವುದು ಸರಿಯಲ್ಲವೆಂದು ನುಂಗಿಕೊಂಡರು.

ಸಂಜೆಯೊಳಗೆ ಕಟ್ಟಡಕ್ಕೆಲ್ಲ ಸುದ್ದಿಯಾಯಿತು. ರಿವ್ಯೂನ ಅಣ್ಣ ಶುಕ್ರವಾರದವರೆಗೆ ಮಾತ್ರ. ಜನ ಮೆಟ್ಟಿಲಲ್ಲಿ ಸಿಕ್ಕರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮೇಲಿನ ಮನೆಯವರು ಟಿವಿ ಸದ್ದು ತಗ್ಗಿಸಿದರು. ಟವೆಲು ಬಿದ್ದ ಸ್ಕೂಟರಿನ ಮಾಲೀಕ ಜಗಳಕ್ಕೆಂದು ಬಂದವನು ನರ್ಸಮ್ಮನ ಬಾಯಲ್ಲಿ ವಿಷಯ ಕೇಳಿ, ತಾನೇ ಟವೆಲು ಹಿಂಡಿ ಕೊಟ್ಟು ಹೋದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೇರೆ ಯಾರಾದರೂ ಆಗಿದ್ದರೆ ಜನ ಯಾಕೆ ಹೀಗೆ ನೋಡುತ್ತಾರೆಂದು ಅನುಮಾನಪಡುತ್ತಿದ್ದರು. ರಿವ್ಯೂ ಪಡಲಿಲ್ಲ. ಕೊನೆಗೂ ಪ್ರಪಂಚಕ್ಕೆ ಕನ್ಸೋಲಿನ ಬೆಲೆ ಅರ್ಥವಾಯಿತು ಎಂದುಕೊಂಡ.

"ನೋಡಿದ್ಯೇನೇ, ಜನ ನಾವಂದುಕೊಂಡಷ್ಟು ಕಟುಕರಲ್ಲ" ಎಂದ ಹೆಂಡತಿಗೆ. "ಸ್ಕೂಟರಿನವರು ನನ್ನ ಭುಜ ತಟ್ಟಿ, ಎಲ್ಲರೂ ಒಂದಿನ ಹೋಗೋರೇ ಅಂದ್ರು."

"ಯಾರ ಬಗ್ಗೆ?"

"ದೊಡ್ಡೋನ ಬಗ್ಗೆ."

ಹೆಂಡತಿ ಟಿವಿ ಕೆಳಗಿನ ಕಪ್ಪು ಡಬ್ಬಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಕಟ್ಟಡದಲ್ಲಿ ಇಂಥವರು ಇನ್ನೂ ಇದ್ದಾರೆಂದು ತಿಳಿದು ಅವಳಿಗೆ ಆಶ್ಚರ್ಯವಾಯಿತು. ಆದರೆ ಹುಳಿಯೋ ಸಾರೋ ಒಲೆಯ ಮೇಲೆ ಉಕ್ಕುತ್ತಿದ್ದದ್ದರಿಂದ ಆಶ್ಚರ್ಯವನ್ನು ಮುಂದುವರಿಸಲಿಲ್ಲ.

ನರ್ಸಮ್ಮನ ಮನೆಯ ಬಟ್ಟೆ ಮಷೀನು ರಿಪೇರಿಗೆ ಹೋಗಿದ್ದದ್ದು ರಿವ್ಯೂನ ಸರ್ವಿಸ್ ಸೆಂಟರಿಗೇ. ಗುರುವಾರ ಅವರು ಅಲ್ಲಿಗೆ ಫೋನ್ ಮಾಡಿ, ಮಷೀನು ನಿಧಾನವಾದರೂ ಪರವಾಗಿಲ್ಲ, ಪಾಪ ಆ ಮನುಷ್ಯನಿಗೆ ಕೆಲಸ ಹೇರಬೇಡಿ ಎಂದು ಕಣ್ಣೀರು ಹಾಕಿದರು. ಮ್ಯಾನೇಜರು ಹೊಸಬ. ಸಿಬ್ಬಂದಿಯ ಕಷ್ಟಸುಖ ವಿಚಾರಿಸಬೇಕೆಂದು ಎಲ್ಲೋ ತರಬೇತಿಯಲ್ಲಿ ಕಲಿತು ಬಂದಿದ್ದ, ವಿಚಾರಿಸಲು ಕಷ್ಟವೊಂದು ಸಿಗದೆ ಚಡಪಡಿಸುತ್ತಿದ್ದ. ರಿವ್ಯೂನನ್ನು ಕ್ಯಾಬಿನ್ನಿಗೆ ಕರೆದು ತಾನೇ ಕುರ್ಚಿ ಎಳೆದು ಕೂರಿಸಿದ.

"ದೊಡ್ಡೋರ ವಿಷಯ ಕೇಳ್ದೆ. ತುಂಬಾ ಬೇಜಾರಾಯ್ತು."

ರಿವ್ಯೂಗೆ ಹೃದಯ ತುಂಬಿ ಬಂತು. "ನಿಮಗೂ ಗೊತ್ತಾಯ್ತಾ ಸಾರ್?"

"ಎಲ್ಲಾರಿಗೂ ಗೊತ್ತಾಗಿದೆ. ಈಗ ಹೇಗಿದ್ದಾರೆ? ಮಲಗೇ ಇರ್ತಾರಾ?"

"ನಿಲ್ಲಿಸಿದ್ರೂ ನಡೀತಾನೆ ಸಾರ್, ಮಲಗಿಸಿದ್ರೂ ನಡೀತಾನೆ. ನಿಲ್ಲಿಸಿದ್ರೆ ಧೂಳು ಜಾಸ್ತಿ ಹಿಡಿಯುತ್ತೆ ಅಂತ ನಾನು ಮಲಗಿಸಿದ್ದೀನಿ. ಟಿವಿ ಕೆಳಗೆ."

"ಟಿವಿ ಕೆಳಗಾ?"

"ಇನ್ನೆಲ್ಲಿ ಇಡೋಣ ಸಾರ್? ಚಿಕ್ಕ ಮನೆ."

ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡ. ತನ್ನ ಸಿಬ್ಬಂದಿ ಇಂಥ ಇಕ್ಕಟ್ಟಿನಲ್ಲಿ ಬದುಕುತ್ತಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. "ತೊಂದರೆ ಏನಂತೆ?"

"ಬೇಗ ಬಿಸಿಯಾಗ್ತಾನೆ ಸಾರ್, ಅದೊಂದೇ."

"ಜ್ವರ."

"ಹೌದು, ಹಾಗೇ ಅನ್ಕೊಳ್ಳಿ."

ಮಧ್ಯಾಹ್ನದ ಊಟದ ಹೊತ್ತಿಗೆ ಮ್ಯಾನೇಜರು ರಿಪೇರಿಯವರು, ಡೆಲಿವರಿಯವರು, ಲೆಕ್ಕದವರು ಎಲ್ಲರನ್ನೂ ಕೌಂಟರಿನ ಹತ್ತಿರ ಕರೆದು ನಿಲ್ಲಿಸಿದ. ಸಾಲಿನಲ್ಲಿದ್ದ ಗ್ರಾಹಕರೂ ಏನೋ ಎತ್ತೋ ಎಂದು ಎದ್ದು ನಿಂತರು. ನಮ್ಮ ಸಹೋದ್ಯೋಗಿ ಎರಡು ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳಲಿ ಎಂದು ಮ್ಯಾನೇಜರು ಹೇಳಿದ. ಜೀವಮಾನದಲ್ಲಿ ಮೊದಲ ಬಾರಿಗೆ ಯಾರೋ ರಿವ್ಯೂನ ಅಭಿಪ್ರಾಯವನ್ನು ತಾವಾಗಿ ಕೇಳಿದ್ದರು.

"ಏನ್ ಹೇಳ್ಲಿ," ಎಂದು ಅವನು ಶುರುಮಾಡಿದ. "ದೊಡ್ಡೋನ ಒಳಗೆ ಎಷ್ಟು ಶಕ್ತಿ ಇತ್ತು ಅಂತ ನಿಮಗ್ಯಾರಿಗೂ ಗೊತ್ತಿಲ್ಲ. ಅವನ ಕಾಲದಲ್ಲಿ ಅವನ ಸಮ ಯಾರೂ ಇರ್ಲಿಲ್ಲ. ಆದ್ರೆ ಸರಿಯಾದೋರ ಕೈಗೆ ಸಿಗ್ಲಿಲ್ಲ. ಬಂದೋರೆಲ್ಲ ಅವನಿಂದ ಚಿಲ್ಲರೆ ಕೆಲಸ ಮಾಡಿಸ್ಕೊಂಡ್ರು, ಅವನು ಏನು ಮಾಡಬಲ್ಲ ಅಂತ ಒಬ್ರೂ ಕೇಳ್ಲಿಲ್ಲ. ಬೇಗ ಬಿಸಿಯಾಗ್ತಾನೆ ಅಂತ ಬೈದ್ರು. ಯಾಕೆ ಬಿಸಿಯಾಗಲ್ಲ? ಗಾಳಿ ಆಡೋಕೇ ಜಾಗ ಬಿಡದ ಹಾಗೆ ಸುತ್ತ ಕಟ್ಟಿಬಿಟ್ಟಿದ್ರಲ್ಲ! ಜನಕ್ಕೆ ಅವನ ಸದ್ದೊಂದೇ ಕೇಳಿಸ್ತು. ಇಷ್ಟಾದ್ರೂ ಅವನು ಒಂದಿನವೂ ತಪ್ಪಿಸ್ಲಿಲ್ಲ. ದಿನಾ ಸಂಜೆ ನನಗೋಸ್ಕರ ಎದ್ದ. ನಾಡಿದ್ದಿಂದ..."

ಬಾಯಿ ಯಂತ್ರದ ವಿಷಯ ಹೇಳುತ್ತಿದ್ದರೂ ಕಣ್ಣೆದುರು ಬಂದದ್ದು ಎರಡೆರಡು ಸಲ ಜಗ್ಗುವ ದೋಣಿ. ಕೌಂಟರಿಗೆ ತಲೆಯಾನಿಸಿ, ನಲವತ್ತು ದಾಟಿದ ಆ ಮನುಷ್ಯ ಗ್ರಾಹಕರ ಎದುರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಲೆಕ್ಕದವಳು ಮೂಗು ಒರೆಸಿಕೊಂಡಳು. ಡ್ರಮ್ ತುಕ್ಕು ಹಿಡಿದಿದೆ ಎಂದು ಕೂಗಾಡಲು ಬಂದಿದ್ದ ಮುದುಕರೊಬ್ಬರು, "ನನ್ನ ತಮ್ಮ ನನ್ನ ಬಗ್ಗೆ ಇಷ್ಟು ಹೇಳ್ತಾನಾ?" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಮನೆಗೆ ಹೋದರು.

ಮ್ಯಾನೇಜರು ಆ ಭಾಷಣದ ವಿಷಯ ನರ್ಸಮ್ಮನಿಗೆ ಹೇಳಿದ. ನರ್ಸಮ್ಮ ಅದನ್ನು ರಿವ್ಯೂನ ಸೋದರತ್ತೆಗೆ ಹೇಳಿದರು. ಅತ್ತೆ ಹೋದ ವರ್ಷ ಹಲ್ಲು ಕೀಳಿಸಲು ಬಂದು ಇಲ್ಲಿ ಒಂದು ವಾರ ಇದ್ದಾಗ ಇಬ್ಬರಿಗೂ ಗೆಳೆತನವಾಗಿತ್ತು. ಅತ್ತೆ ಮೊದಲು ಅತ್ತು ಆಮೇಲೆ ವಿಚಾರಿಸುವ ಜಾತಿ. ಶುಕ್ರವಾರ ಮಧ್ಯಾಹ್ನ ಬಸ್ಸು ಹತ್ತಿ, ದಾರಿಯುದ್ದಕ್ಕೂ ಅತ್ತು, ಪಕ್ಕದ ಸೀಟಿನವರನ್ನೂ ಅಳಿಸಿ, ಊರಿನ ಇನ್ನೊಂದು ತುದಿಯಲ್ಲಿದ್ದ ದೊಡ್ಡೋನ ಮನೆಯ ಬಾಗಿಲು ಬಡಿದರು. ದೊಡ್ಡೋನೇ ಬಂದು ಬಾಗಿಲು ತೆಗೆದ.

"ಅಯ್ಯೋ ನಿನ್ನ!" ಎಂದು ಅತ್ತೆ ಕಿರುಚಿದರಂತೆ. "ವೆಂಟಿಲೇಟರ್ ಮೇಲಿದ್ದೋನು ಎದ್ದು ಯಾಕೋ ಬಂದೆ? ಹೋಗು, ಮಲಕ್ಕೋ!"

ಅವನು ಬದುಕಿದ್ದಾನೆಂದು ಅತ್ತೆಗೆ ಒಪ್ಪಿಸುವುದಕ್ಕೆ ಒಂದು ಲೋಟ ಕಾಫಿ ಹಿಡಿಯಿತು. ಒಪ್ಪಿದ ಮೇಲೆ ಅವರು ಉಳಿದದ್ದನ್ನೆಲ್ಲ ಹೇಳಿದರು. ಅವನ ತಮ್ಮ ಬಾಲ್ಕನಿಯಲ್ಲಿ ನಿಂತು ಅತ್ತದ್ದು, ಆಫೀಸಿನಲ್ಲಿ ಎಲ್ಲರೆದುರು ಹೊಗಳಿದ್ದು, ಅವನ ಒಳಗಿನ ಶಕ್ತಿ ಯಾರಿಗೂ ಕಾಣಿಸಲಿಲ್ಲ ಎಂದದ್ದು, ಗಾಳಿ ಆಡಲು ಜಾಗ ಬಿಡಲಿಲ್ಲ ಎಂದದ್ದು. ದೊಡ್ಡೋನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟನಂತೆ. ಆಮೇಲೆ, "ಅದನ್ನ ಇನ್ನೊಂದ್ಸಲ ಹೇಳಿ ಅತ್ತೆ" ಎಂದನಂತೆ. ಅತ್ತೆ ಹೇಳಿದರು. ಒಳಗೆ ಹೋಗಿ ಒಳ್ಳೆಯ ಅಂಗಿ ಹಾಕಿಕೊಂಡು ಬಂದ. "ನಡೀರಿ, ಹೋಗ್ಬರೋಣ" ಎಂದ.

ಈ ಕಡೆ ರಿವ್ಯೂ ಸಂಜೆ ಆರೂವರೆಗೇ ದೊಡ್ಡೋನನ್ನು ಹಚ್ಚಿಕೊಂಡು ಕೂತಿದ್ದ. ಇವತ್ತೇ ಕೊನೆಯ ಸಂಜೆ. ಸ್ನಾನ ಮಾಡಿ ತಲೆ ಬಾಚಿಕೊಂಡಿದ್ದ, ಆಟದೊಳಗಿನವರಿಗೆ ಅದು ಕಾಣುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ. ಸೋಫಾದ ಮೇಲೆ ಆಗಲೇ ನರ್ಸಮ್ಮ, ಸ್ಕೂಟರಿನವನು, ಹಣ್ಣಿನ ಬುಟ್ಟಿ ಹಿಡಿದ ಮ್ಯಾನೇಜರು ಸಾಲಾಗಿ ಕೂತಿದ್ದರು. ಶುಕ್ರವಾರವಲ್ಲವೇ, ಕೊನೇ ಗಳಿಗೆಯಲ್ಲಿ ಮನೆಯವರ ಜೊತೆಗಿರಬೇಕೆಂದು ಬಂದವರು. ಮ್ಯಾನೇಜರು ಟಿವಿ ಕೆಳಗೆ ಬಗ್ಗಿ ಬಗ್ಗಿ ನೋಡಿ, ಅಲ್ಲಿ ಯಾರೂ ಮಲಗಿರುವುದು ಕಾಣದೆ, ಬುಟ್ಟಿಯ ಹಣ್ಣುಗಳನ್ನು ಜೋಡಿಸತೊಡಗಿದ. ಇಂಥ ಹೊತ್ತಿನಲ್ಲೂ ಗೇಮ್ ಆಡಲು ಕೂತ ಮನುಷ್ಯನನ್ನು ಕಂಡು ನರ್ಸಮ್ಮ, "ಶಾಕ್. ದುಃಖ ತಲೆಗೆ ಹತ್ತಿದೆ" ಎಂದು ಪಿಸುಗುಟ್ಟಿದರು.

ಏಳು ಗಂಟೆಯಾಯಿತು. ಪರದೆಯ ಮೇಲೆ ದೋಣಿ ದಡದಲ್ಲಿ ನಿಂತಿತ್ತು. ಬಲಗಡೆ ಇವನಿದ್ದ, ಎಡಗಡೆಯ ಜಾಗ ಖಾಲಿ. ಜೊತೆಗಾರರಿಗಾಗಿ ಕಾಯಲಾಗುತ್ತಿದೆ ಎಂದು ಅಕ್ಷರಗಳು ಮಿನುಗುತ್ತಿದ್ದವು. ಕಾಲು ಗಂಟೆ ಕಳೆಯಿತು. ಹೀಗೆ ಒಂದು ದಿನವೂ ಆಗಿರಲಿಲ್ಲ. ಬಾರದೇ ಇದ್ದರೆ? ಕೊನೆಯ ದಿನವೆಂದು ಅವನಿಗೆ ಗೊತ್ತಿಲ್ಲದೇ ಇದ್ದರೆ?

ಬಾಗಿಲ ಗಂಟೆ ಸದ್ದಾಯಿತು.

"ಯಾರೇ ಆಗ್ಲಿ ಆಮೇಲೆ ಬರಕ್ಕೆ ಹೇಳೇ!" ಎಂದು ಪರದೆಯಿಂದ ಕಣ್ಣು ಕೀಳದೆ ಕೂಗಿದ.

ಹೆಂಡತಿ ಬಾಗಿಲು ತೆಗೆದಳು. "ಭಾವ!" ಎಂದು ಪಕ್ಕಕ್ಕೆ ಸರಿದು ನಿಂತಳು. ಒಳಗೆ ಬಂದವರು ಅತ್ತೆ, ಅವರ ಹಿಂದೆ ಇಸ್ತ್ರಿ ಅಂಗಿಯ ಅಣ್ಣ.

ಪರಿಚಯವಾಗುತ್ತಿದ್ದಂತೆ ನರ್ಸಮ್ಮ ಎದ್ದು ಬಂದು ಅಣ್ಣನ ನಾಡಿ ಹಿಡಿದರು. ಮ್ಯಾನೇಜರು ಹಣ್ಣಿನ ಬುಟ್ಟಿಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ, ಸಾಯಬೇಕಾಗಿದ್ದವನ ಕೈಗೇ ಕೊಟ್ಟ. ರಿವ್ಯೂ ಕೈಯಲ್ಲಿ ಕಂಟ್ರೋಲರ್ ಹಿಡಿದುಕೊಂಡೇ ಎದ್ದು ನಿಂತ. ಅಣ್ಣ ತೆಳ್ಳಗಾಗಿದ್ದ. ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿತ್ತು. ದಿನಾ ಜೊತೆಯಲ್ಲಿ ಹುಟ್ಟು ಹಾಕಿದವನು ಇಷ್ಟು ಮುದುಕನಾಗಿದ್ದಾನೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಹೇಗಿದ್ದೀಯೋ?" ಎಂದ ಅಣ್ಣ.

"ಚೆನ್ನಾಗಿದ್ದೀನಿ. ನೀನು?"

"ನಾನು ವೆಂಟಿಲೇಟರ್ ಮೇಲಿದ್ದೀನಂತೆ." ಅಣ್ಣ ನಕ್ಕ, ಎಲ್ಲರೂ ನಕ್ಕರು. ನಗು ತಗ್ಗಿದ ಮೇಲೆ ಅವನು ಹಣ್ಣಿನ ಬುಟ್ಟಿಯನ್ನು ನೋಡುತ್ತಾ, ಮಾತನ್ನು ಹುಡುಕಿ ಹುಡುಕಿ ಆಡಿದ. "ಆಫೀಸಲ್ಲಿ ನನ್ ಬಗ್ಗೆ ಏನೇನೋ ಹೇಳಿದ್ಯಂತೆ. ಅತ್ತೆ ಹೇಳಿದ್ರು. ಗಾಳಿ ಆಡೋಕೆ ಜಾಗ ಬಿಡ್ಲಿಲ್ಲ ಅಂದ್ಯಂತೆ. ನಾನು... ನೀನು ಹಾಗೆ ತಿಳ್ಕೊಂಡಿದ್ದೀಯ ಅಂತ ನನಗೆ ಗೊತ್ತಿರ್ಲಿಲ್ಲ ಕಣೋ. ನಾನು ಬೇರೆ ಥರ ತಿಳ್ಕೊಂಡಿದ್ದೆ."

ಈಗ ರಿವ್ಯೂ ಮಾಡಬೇಕಾಗಿದ್ದದ್ದು ಏನು? ಏನೂ ಇಲ್ಲ. ಸುಮ್ಮನೆ ತಲೆಯಾಡಿಸಿದ್ದರೆ ಸಾಕಾಗಿತ್ತು. ಹೂಂ ಎಂದಿದ್ದರೆ ಇನ್ನೂ ಚೆನ್ನ. ಆದರೆ ತಪ್ಪು ಮಾಹಿತಿಯನ್ನು ತಿದ್ದದೆ ಬಿಟ್ಟು ಅವನಿಗೆ ಅಭ್ಯಾಸವಿರಲಿಲ್ಲ. ಐದು ದಿನದ ಗೋಜಲು ಆ ಕ್ಷಣದಲ್ಲೇ, ಆ ಕ್ಷಣದಲ್ಲಿ ಮಾತ್ರವೇ, ಅವನ ತಲೆಯಲ್ಲಿ ಬಿಡಿಸಿಕೊಂಡಿತು.

"ಅಯ್ಯೋ, ಅದು ನಿನ್ನ ಬಗ್ಗೆ ಅಲ್ಲ ಅಣ್ಣ!" ಎಂದ, ದೊಡ್ಡ ಸಮಸ್ಯೆ ಬಗೆಹರಿದ ಸಂಭ್ರಮದಲ್ಲಿ. "ಎಲ್ಲಾರಿಗೂ ತಪ್ಪು ತಿಳುವಳಿಕೆ ಆಗಿದೆ. ಅದು ಈ ಮಷೀನಿನ ಬಗ್ಗೆ. ಇದಕ್ಕೆ ದೊಡ್ಡೋನು ಅಂತ ಹೆಸರು. ಇವತ್ತು ರಾತ್ರಿ ಇದರ ಸರ್ವಿಸ್ ನಿಲ್ಲಿಸ್ತಾರೆ. ಬಿಸಿಯಾಗೋದೂ ಇದೇ, ಶಕ್ತಿ ಇರೋದೂ ಇದಕ್ಕೇ."

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅತ್ತೆ ಸೆರಗನ್ನು ಬಾಯಿಗಿಟ್ಟುಕೊಂಡರು. ಮ್ಯಾನೇಜರು ಮತ್ತೊಮ್ಮೆ ಟಿವಿ ಕೆಳಗೆ ಬಗ್ಗಿ ನೋಡಿ, ಈ ಸಲ ಅರ್ಥವಾಗಿ, ನೆಟ್ಟಗೆ ಕೂತ.

"ಮಷೀನ್ ಬಗ್ಗೆ" ಎಂದ ಅಣ್ಣ.

"ಹೂಂ."

"ಅದಕ್ಕೆ ನನ್ ಹೆಸರಿಟ್ಟಿದ್ಯಾ?"

ಇಟ್ಟದ್ದು ಯಾಕೆ ಎಂದು ಹೇಳಬೇಕಿತ್ತು. ದಿನಕ್ಕೊಂದು ಸಲವಾದರೂ ಆ ಹೆಸರು ಬಾಯಲ್ಲಿ ಬರಲಿ ಎಂದು ಇಟ್ಟದ್ದು ಎಂದು. ರಿವ್ಯೂ ಬಾಯಿ ತೆರೆದ. ಎದೆಯಲ್ಲಿದ್ದದ್ದು ಗಂಟಲವರೆಗೆ ಬಂದು, ಅಲ್ಲಿ ದಾರಿ ತಪ್ಪಿ, ಯಾವಾಗಿನಂತೆ ಇನ್ನೊಂದೇ ಆಗಿ ಹೊರಬಿತ್ತು.

"ಇದು ಸ್ವಲ್ಪ ದಪ್ಪ ಅಲ್ವಾ, ಅದಕ್ಕೆ."

ಸ್ಕೂಟರಿನವನಿಗೆ ಮೊದಲು ಕೆಲಸವೊಂದು ನೆನಪಾಯಿತು. ಅವನ ಹಿಂದೆಯೇ ಮ್ಯಾನೇಜರಿಗೂ, ನರ್ಸಮ್ಮನಿಗೂ ನೆನಪಾಯಿತು. ಅತ್ತೆ ಅಡುಗೆಮನೆಗೆ ಹೋಗಿ ಬೇಕೆಂದೇ ಪಾತ್ರೆ ಸದ್ದು ಮಾಡಿದರು. ಅಣ್ಣ ಹಣ್ಣಿನ ಬುಟ್ಟಿಯನ್ನು ಮೇಜಿನ ಮೇಲಿಟ್ಟು ಪರದೆಯನ್ನು ನೋಡುತ್ತಾ ನಿಂತ. ಅಲ್ಲಿ ದೋಣಿ ಇನ್ನೂ ದಡದಲ್ಲೇ ಇತ್ತು, ಎಡಗಡೆಯ ಜಾಗ ಇನ್ನೂ ಖಾಲಿಯಿತ್ತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ರಿವ್ಯೂಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

"ಬರ್ತೀನಿ" ಎಂದು ಅಣ್ಣ ಬಾಗಿಲ ಹತ್ತಿರ ಹೋದ. ಬಗ್ಗಿ ಚಪ್ಪಲಿಯ ಪಟ್ಟಿ ಸಿಕ್ಕಿಸಿಕೊಳ್ಳುತ್ತಾ, ತಲೆ ಎತ್ತದೆ ಕೇಳಿದ. "ನಾಳೆಯಿಂದ ಸಂಜೆ ಹೊತ್ತು ಏನ್ ಮಾಡ್ತೀಯ?"

ರಿವ್ಯೂ ಪರದೆಯ ಮೇಲಿನ ಖಾಲಿ ಜಾಗವನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದ. ಹಾಗಾದರೆ ಇವನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಇಷ್ಟು ವರ್ಷ ಗೊತ್ತಿದ್ದೇ ಬಂದು ಪಕ್ಕದಲ್ಲಿ ಕೂತಿದ್ದ.

"ಏನಿಲ್ಲ" ಎಂದ ರಿವ್ಯೂ. "ನೀನು?"

"ನಾನೂ ಏನಿಲ್ಲ."

ಅಣ್ಣ ಒಂದು ಕ್ಷಣ ಹೆಚ್ಚಾಗಿಯೇ ನಿಂತ. ಮತ್ತೇನಾದರೂ ಬರಬಹುದೆಂದು ಕಾದಂತಿತ್ತು. ಆಮೇಲೆ ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದ.

"ಊಟಕ್ಕೆ ಇರು ಅನ್ನೋಕಾಗ್ಲಿಲ್ವೇನ್ರೀ ನಿಮಗೆ?" ಹೆಂಡತಿಯ ದನಿ ಅಳುವಿನಲ್ಲಿತ್ತು. "ನಾಳೆ ಬಾ ಅನ್ನೋಕಾಗ್ಲಿಲ್ವಾ? ಪ್ರಪಂಚದ ಮೇಲೆಲ್ಲ ಅಷ್ಟು ಮಾತಾಡ್ತೀರಲ್ಲ!"

ರಿವ್ಯೂ ಬಾಲ್ಕನಿಗೆ ಓಡಿದ. ಕೆಳಗೆ ಬೀದಿ ದೀಪ ಹತ್ತಿತ್ತು, ಕೆಲಸ ಮುಗಿಸಿ ಬರುವವರ ಗದ್ದಲ. ಇಸ್ತ್ರಿ ಅಂಗಿ ಜನರ ನಡುವೆ ಬಸ್ ಸ್ಟಾಪಿನ ಕಡೆಗೆ ಹೋಗುತ್ತಿರುವುದು ಕಾಣಿಸಿತು. ಅವನು ಕಂಬಿಯ ಮೇಲೆ ಬಗ್ಗಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದ.

"ಅಣ್ಣಾ!"

ತರಕಾರಿ ಗಾಡಿಯವನು ತಿರುಗಿ ನೋಡಿದ. ಸೈಕಲ್ಲಿನ ಮೇಲಿದ್ದವನು ಕಾಲೂರಿ ನಿಂತು ಮೇಲಕ್ಕೆ ನೋಡಿದ. ಪೆಟ್ಟಿಗೆ ಇಳಿಸುತ್ತಿದ್ದ ಇಬ್ಬರು ಕೂಲಿಗಳು ನೋಡಿದರು. ಪಾರ್ಸೆಲ್ ಹಿಡಿದ ಡೆಲಿವರಿಯವನೂ ನೋಡಿದ. ಯಾರು ಯಾರಿಗೋ ಅಣ್ಣನಾಗಿದ್ದ ಅಷ್ಟೂ ಜನ ತಿರುಗಿ ನೋಡಿದರು. ಇಸ್ತ್ರಿ ಅಂಗಿ ಮಾತ್ರ, ಆ ಬೀದಿಯಲ್ಲಿ ತನ್ನನ್ನು ಹಾಗೆ ಕರೆಯುವವರು ಯಾರೂ ಇಲ್ಲವೆಂದುಕೊಂಡೋ ಏನೋ, ತಿರುವಿನಲ್ಲಿ ಮರೆಯಾಯಿತು.

"ಏನ್ ಬೇಕಿತ್ತು ಸಾರ್?" ಎಂದು ತರಕಾರಿಯವನು ಕೆಳಗಿನಿಂದ ಕೇಳಿದ.

"ಏನಿಲ್ಲಪ್ಪ" ಎಂದ ರಿವ್ಯೂ. "ನಿಮ್ಮನ್ನಲ್ಲ."